‘ಅಂತೆ’ ಬಿಟ್ಟು ಹೇಳಿದ ಹೊಳೆ

ನಮ್ಮ ಅಜ್ಜಿ ಕಥೆ ಹೇಳುವಾಗ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದರು. ತಾನೇ ಕಂಡದ್ದಾದರೆ ‘ಹೋದರು’, ‘ಬಿದ್ದರು’. ಬೇರೆಯವರ ಬಾಯಿಂದ ಕೇಳಿದ್ದಾದರೆ ‘ಹೋದರಂತೆ’, ‘ಬಿದ್ದರಂತೆ’. ನಾನು ಮರೆತು ಆ ಬಾಲವನ್ನು ಕತ್ತರಿಸಿದರೆ ಅಲ್ಲೇ ತಡೆಯುತ್ತಿದ್ದರು: “ನೀನು ಕಂಡಿದ್ದೀಯಾ? ಇಲ್ಲ ಅಲ್ವಾ? ಹಾಗಾದ್ರೆ ಅಂತೆ ಹಾಕು.” ನಾನು ಮಾತು ಕಲಿತದ್ದೇ ಅವರ ಮಗ್ಗುಲಲ್ಲಿ ಕುಳಿತು. ಆದರೂ ಆ ಒಂದು ಪಾಠವನ್ನು ದುಬೈಗೆ ಬಂದ ಮೇಲೆ ಕೈಬಿಟ್ಟೆ. ಅದಕ್ಕೆ ತಕ್ಕದ್ದು ಕಳೆದ ಚಳಿಗಾಲದಲ್ಲಿ, ಹತ್ತಾ ಎಂಬ ಗುಡ್ಡದೂರಿನ ಅಣೆಕಟ್ಟಿನ ನಡುನೀರಿನಲ್ಲಿ ಸಿಕ್ಕಿತು.

ಕೈಬಿಟ್ಟದ್ದು ಹೀಗೆ. ದೇರಾದ ನಮ್ಮ ಫ್ಲಾಟಿನಲ್ಲಿ ಮಗಳಿಗೆ ಊಟ ಮಾಡಿಸುವಾಗ ನಾನು ಅಜ್ಜನ ಕಥೆ ಹೇಳುತ್ತಿದ್ದೆ. ನನ್ನ ಅಮ್ಮ ಕೂಸಾಗಿದ್ದಾಗ ಜ್ವರ ನೆತ್ತಿಗೇರಿತ್ತು. ಮದ್ದು ಕೊಡುವ ಪಂಡಿತರ ಮನೆ ಹೊಳೆಯ ಆಚೆ, ದೋಣಿಯೂ ಆಚೆ, ನಡುವೆ ನೆರೆ. ಅಜ್ಜ ಹಾರಿ, ಈಜಿ, ದೋಣಿಯಲ್ಲಿ ಪಂಡಿತರನ್ನು ಕರೆತಂದರು. ಕಥೆಗೆ ರಂಗು ಬರಲೆಂದು ನಾನು ಅಜ್ಜನದೇ ದನಿ ಮಾಡಿ, “ನಾನು ಮುಂಡು ಎತ್ತಿ ಕಟ್ಟಿದೆ, ಧುಡುಮ್ ಅಂತ ಹಾರಿದೆ” ಎನ್ನುತ್ತಿದ್ದೆ. ಅರ್ಧ ಕನ್ನಡದ ಮಗು ಆ ‘ನಾನು’ ಎಂದರೆ ನಾನೇ ಎಂದುಕೊಂಡಿತು. ಒಂದು ದಿನ ಶಾಲೆಯಿಂದ ಬಂದವಳು, “ಪಪ್ಪ ನೆರೆಯಲ್ಲಿ ರಿವರ್ ಕ್ರಾಸ್ ಮಾಡಿದ್ದು ಟೀಚರಿಗೆ ಹೇಳಿದೆ” ಎಂದಳು. ತಿದ್ದಬೇಕಿತ್ತು. ಆದರೆ ಅವಳು ನನ್ನನ್ನು ನೋಡಿದ ಆ ನೋಟ ಇದೆಯಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ನನಗೆ ಈಜು ಬರುವುದಿಲ್ಲ. ಹೊಳೆಯ ಪಕ್ಕದಲ್ಲೇ ಬೆಳೆದವನು, ಆದರೂ ಬರುವುದಿಲ್ಲ. ಆ ನೆರೆಯ ದಿನದ ನಂತರ ಅಜ್ಜಿ ಮಕ್ಕಳನ್ನಾಗಲಿ ಮೊಮ್ಮಕ್ಕಳನ್ನಾಗಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲು ಬಿಟ್ಟವರಲ್ಲ.

ಇಲ್ಲಿ ಚಳಿ ಶುರುವಾಯಿತೆಂದರೆ ಊರವರು ಯಾರು ಸಿಕ್ಕಿದರೂ ಒಂದೇ ಪ್ರಶ್ನೆ: “ಹತ್ತಾಕ್ಕೆ ಹೋದ್ರಾ?” ನಾನು ಟೈರ್ ಸರಿಯಿಲ್ಲ, ಡ್ಯೂಟಿ ಉಂಟು ಎಂದು ವರ್ಷಗಟ್ಟಲೆ ತಪ್ಪಿಸಿಕೊಂಡೆ. ಬದಲಿಗೆ ಅಲ್ ಕುದ್ರಾದ ಮರಳಿನ ನಡುವಿನ ಕೆರೆಗಳಿಗೆ ಕರೆದೊಯ್ದು ಹಂಸ, ಬಾತುಕೋಳಿ ತೋರಿಸುತ್ತಿದ್ದೆ. ಅಲ್ಲಿ ನೀರಿಗೆ ಇಳಿಯುವಂತಿಲ್ಲ. ನನಗೆ ಅದೇ ಹಿತ. ಆದರೆ ಮಗಳಿಗೆ ಒಂಬತ್ತು ತುಂಬಿತು, ಹುಟ್ಟುಹಬ್ಬಕ್ಕೆ ಅವಳು ಕೇಳಿದ್ದು ಒಂದೇ: ಪಪ್ಪನ ಜೊತೆ ಹತ್ತಾದಲ್ಲಿ ಕಯಾಕ್ ದೋಣಿ ಸವಾರಿ.

ಸುತ್ತ ಸುಟ್ಟ ಇಟ್ಟಿಗೆಯ ಬಣ್ಣದ ಬೋಳು ಗುಡ್ಡ, ನಡುವೆ ನಂಬಲಾಗದಷ್ಟು ಹಸಿರು ನೀರು. ಎಲ್ಲರೂ “ಆಹಾ” ಎನ್ನುತ್ತಿದ್ದರು. ನಾನು ಮಾತ್ರ ಆ ಹಸಿರಿನ ತಳ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಾಣಲಿಲ್ಲ.

“ಪೆಡಲ್ ಬೋಟಲ್ಲಿ ಮೂವರೂ ಹೋಗುವ ಮಾರಾಯ್ರೆ,” ಎಂದಳು ನನ್ನ ಹೆಂಡತಿ. ಅವಳಿಗೆ ಎಲ್ಲವೂ ಗೊತ್ತು.

“ನೋ ಮಮ್ಮಿ! ದಟ್ಸ್ ಫಾರ್ ಬೇಬೀಸ್. ಪಪ್ಪ ಇದ್ದಾರಲ್ಲ!”

ಹೆಂಡತಿ ನನ್ನ ಕಿವಿಯ ಬಳಿ, “ಈಗಲಾದ್ರೂ ಹೇಳಿ ಬಿಡಿ,” ಎಂದಳು.

“ವಾಪಸ್ ಬಂದು ಹೇಳ್ತೇನೆ.”

“ಬಂದ್ರೆ ಅಲ್ವಾ?”

ಲೈಫ್ ಜಾಕೆಟ್ ಹಾಕಿಸುವವನು ನೇಪಾಳದ ಹುಡುಗ. ಮೂರು ಬಕಲ್‌ಗಳನ್ನೂ ಎಳೆದೆಳೆದು ಬಿಗಿದು, ಯಾವ ಕಾರಣಕ್ಕೂ ಬಿಚ್ಚಬಾರದು ಎಂದು ಹಿಂದಿಯಲ್ಲಿ ಎಚ್ಚರಿಸಿದ. ಆಮೇಲೆ ನನ್ನ ಮುಖ ನೋಡಿ, “ಸ್ವಿಮ್ಮಿಂಗ್ ಆತಾ ಹೈ?” ಎಂದ. ನಾನು ಬಾಯಿ ತೆರೆಯುವ ಮುಂಚೆ ಮಗಳೇ ಉತ್ತರಿಸಿದಳು: “ಮೈ ಫಾದರ್ ಸ್ವಾಮ್ ಅ ರಿವರ್. ಇನ್ ಅ ಫ್ಲಡ್!”

“ಅರೆ, ಚಾಂಪಿಯನ್! ಯಲ್ಲಾ, ಚಲೋ!” ಎಂದು ಅವನು ನಮ್ಮನ್ನು ನೀರಿಗೆ ದೂಡಿದ.

ಮುಂದೆ ಅವಳು, ಹಿಂದೆ ನಾನು, ಇಬ್ಬರಿಗೂ ಒಂದೊಂದು ಹುಟ್ಟು. ಪ್ಲಾಸ್ಟಿಕ್ ದೋಣಿ ನನ್ನ ಒಂದೊಂದು ಉಸಿರಿಗೂ ಅಲುಗುತ್ತಿತ್ತು. ದಡದಲ್ಲಿ ಹೆಂಡತಿ ಸಣ್ಣದಾಗುತ್ತಾ ಹೋದಳು. ಬಂಡೆಯ ಒಂದು ತಿರುವು ದಾಟಿದೆವು, ಅವಳೂ ಇಲ್ಲ, ಬೇರೆ ದೋಣಿಗಳೂ ಇಲ್ಲ. ಮಾತಿಲ್ಲದ ನೀರು.

ಆಗ ‘ಟಿಕ್’ ಎಂಬ ಶಬ್ದ ಕೇಳಿತು. ಮತ್ತೊಂದು ‘ಟಿಕ್’.

“ಎಂತ ಮಾಡ್ತಿದ್ದೀ?”

“ಬಿಚ್ತಾ ಇದ್ದೇನೆ. ಒನ್ ಜಂಪ್, ಪಪ್ಪ. ಯಾರೂ ನೋಡುದಿಲ್ಲ.”

ಎರಡು ಟರ್ಮ್ ಶಾಲೆಯ ಪೂಲಿನಲ್ಲಿ ಕಲಿತವಳು. ಆ ಪೂಲಿನಲ್ಲಿ ನೀರು ಅವಳ ಎದೆಮಟ್ಟಕ್ಕೆ.

“ಬಿಚ್ಬಾರ್ದು. ರೂಲ್ಸ್ ಉಂಟು.”

“ನೀವಿದ್ದೀರಲ್ಲ!” ಮೂರನೆಯ ‘ಟಿಕ್’.

“ಮಗಾ, ನಂಗೆ ಈಜು ಬರುದಿಲ್ಲ.”

ಅವಳು ಹಿಂತಿರುಗಿ ನೋಡಿ ಕಿಲಕಿಲನೆ ನಕ್ಕಳು. “ಕಥೆ ಹೇಳ್ಬೇಡಿ ಪಪ್ಪ!”

ಸುಳ್ಳು ಹೇಳಿದಾಗ ನಂಬಿದವಳು ನಿಜ ಹೇಳಿದಾಗ ನಂಬಲಿಲ್ಲ. ಅವಳನ್ನು ಹಿಡಿಯೋಣವೆಂದರೆ ನನ್ನ ಕೈ ಎಟುಕುವುದಿಲ್ಲ, ಎದ್ದರೆ ದೋಣಿ ಮಗುಚುತ್ತದೆ. ಅವಳು ಜಾಕೆಟ್ಟಿನಿಂದ ಒಂದು ತೋಳು ಹೊರಗೆಳೆದಳು. ಒಂದು ಕಾಲು ಆಗಲೇ ಅಂಚಿನಾಚೆ ನೀರಿನಲ್ಲಿತ್ತು. ದೋಣಿ ಅತ್ತ ವಾಲಿತು. ನಾನು ಎರಡೂ ಕೈಯಿಂದ ಅಂಚು ಬಿಗಿಯಾಗಿ ಹಿಡಿದೆ. ನನ್ನ ಹುಟ್ಟು ಜಾರಿ ನೀರಿಗೆ ಬಿತ್ತು.

ಬಿದ್ದದ್ದು ದೂರವೇನಲ್ಲ, ಒಂದು ಮೊಳ. ಸ್ವಲ್ಪ ಬಾಗಿದ್ದರೆ ಸಿಗುತ್ತಿತ್ತು. ನನ್ನಿಂದ ಬಾಗಲಾಗಲಿಲ್ಲ. ಹಳದಿ ಹುಟ್ಟು ನಿಧಾನವಾಗಿ ತೇಲಿಕೊಂಡು ಹೋಗುವುದನ್ನು ಅವಳು ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಮುಖವನ್ನು.

“ಪಪ್ಪ? ನಿಜವಾಗ್ಲೂ?”

ನಾನು ತಲೆಯಾಡಿಸಿದೆ.

ಅವಳು ಕಾಲನ್ನು ಒಳಗೆ ತೆಗೆದುಕೊಂಡಳು. ದೋಣಿ ಅಲುಗದಂತೆ, ಅಷ್ಟು ಮೆಲ್ಲಗೆ. ತೋಳು ತೂರಿಸಿ ಮೂರೂ ಬಕಲ್ ಹಾಕಿಕೊಂಡಳು. ತನ್ನ ಹುಟ್ಟಿನಿಂದ ನೀರು ಸರಿಸುತ್ತಾ ಹೋಗಿ ನನ್ನದನ್ನೂ ಹೆಕ್ಕಿ ಹಿಂದಕ್ಕೆ ಚಾಚಿದಳು. ನಾನು ಒಂದು ಕೈ ಬಿಡಿಸಿ ಅದನ್ನು ಹಿಡಿಯಲು ಎಷ್ಟು ಹೊತ್ತು ತೆಗೆದುಕೊಂಡೆನೋ, ಅಷ್ಟು ಹೊತ್ತೂ ಕಾದಳು. ನಗಲಿಲ್ಲ.

“ಮತ್ತೆ ರಿವರ್ ದಾಟಿದ್ದು ಯಾರು?”

“ನನ್ನ ಅಜ್ಜ.” ಅಲ್ಲಿಂದ ನಾನು ಕಥೆಯನ್ನು ಅಜ್ಜಿ ಹೇಳುತ್ತಿದ್ದ ಹಾಗೆಯೇ ಹೇಳಿದೆ. ನಾನು ಯಾವತ್ತೂ ಕತ್ತರಿಸಿ ಎಸೆಯುತ್ತಿದ್ದ ಭಾಗವನ್ನೂ ಸೇರಿಸಿ. ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಜ್ಜಿ ದಡದಲ್ಲಿ ನಿಂತಿದ್ದರಂತೆ. ಹೊಳೆಯ ತಿರುವಿನ ತನಕ ಅಜ್ಜನ ತಲೆ ಕಾಣುತ್ತಿತ್ತು, ಆದ್ದರಿಂದ ಅಲ್ಲಿಯವರೆಗೆ ಅವರು ‘ಈಜಿದರು’ ಎನ್ನುತ್ತಿದ್ದರು. ತಿರುವಿನ ಆಚೆಗೆ ‘ದಾಟಿದರಂತೆ’. ಆ ಎರಡು ಮಾತಿನ ನಡುವೆ ಅಜ್ಜಿ ಮಧ್ಯಾಹ್ನವಿಡೀ ನಿಂತಲ್ಲೇ ನಿಂತಿದ್ದರಂತೆ.

ಮಗಳು ದಡದ ಕಡೆಗೆ ಬೇಗ ಬೇಗ ಹುಟ್ಟು ಹಾಕತೊಡಗಿದಳು.

ತಿರುವು ಕಳೆದಾಗ ಹೆಂಡತಿ ಕಂಡಳು. ನಮ್ಮಿಬ್ಬರ ಚಪ್ಪಲಿಗಳನ್ನು ಎದೆಗವಚಿಕೊಂಡು ನೀರಿನ ಅಂಚಿನಲ್ಲೇ ನಿಂತಿದ್ದಳು. ದೋಣಿ ದಡ ಮುಟ್ಟುವ ಮೊದಲೇ ಮಗಳು ಕೂಗಿದಳು: “ಮಮ್ಮೀ, ಪಪ್ಪಂಗೆ ಸ್ವಿಮ್ಮಿಂಗ್ ಬರುದಿಲ್ಲ!”

ಅಂತೆ ಹಾಕಲಿಲ್ಲ. ಅಜ್ಜಿ ಇದ್ದಿದ್ದರೂ ತಿದ್ದುತ್ತಿರಲಿಲ್ಲ.

“ಬಂಡೆಯ ಆಚೆ ಎಂತ ಆಯ್ತು?” ಎಂದಳು ಹೆಂಡತಿ. ಹೇಳೋಣವೆಂದು ನಾನು ದಡಕ್ಕಿಳಿದು ನಿಂತೆ. ಜಾಕೆಟ್ಟಿನ ಬಕಲ್ ಬಿಚ್ಚಲು ಹೋದರೆ ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಮಗಳು ಎದುರಿಗೆ ಬಂದು ನಿಂತು ಅವಳೇ ಬಿಚ್ಚಿದಳು, ಒಂದೊಂದಾಗಿ, ಮೂರನ್ನೂ.