ಓಟಗಾರನ ಹಿಂದಿನ ಜೀಪು

ಗೆಳೆಯರೇ, ಇಡೀ ದಿನ ಫಸ್ಟ್ ಗೇರಿನಲ್ಲೇ ಜೀಪು ನಡೆಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಸೊಂಟದ ಪಾಡು ತಿಳಿದೀತು. ಕಣ್ಣಿನ ದವಾಖಾನೆಗೆ ಚಂದಾ ಕೂಡಿಸಲು ನಮ್ಮ ಡ್ರಿಲ್ ಮಾಸ್ತರರು ಊರೂರಿಗೆ ಓಡುತ್ತಿದ್ದಾರೆ. ನೀರಿನ ಕೊಡ ಇಟ್ಟುಕೊಂಡು ಅವರ ಹಿಂದೆ ತೆವಳುವುದು ನನ್ನ ಕೆಲಸ.

ಇಂದು ಮಧ್ಯಾಹ್ನ ಮೋರಟಗಿ ದಾಟಿದ ಮೇಲೆ, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಮುದುಕಿಯೊಬ್ಬಳು ಜೀಪಿಗೆ ಅಡ್ಡ ನಿಂತಳು.

“ತಮ್ಮಾ, ಗಾಡಿ ಖಾಲಿ ಐತಿ. ಆ ಮನಷ್ಯಾನ್ನ ಯಾಕ ಬಿಸಲಾಗ ಓಡಸಾಕತ್ತಿ?”

“ಅವರು ಓಡಬೇಕ ಯವ್ವಾ. ದವಾಖಾನಿಗೆ ಚಂದಾ ಕೇಳಾಕ ಹೊಂಟಾರ.”

“ಓಡಿ ಹೋಗಾವ್ರಿಗೆ ಚಂದಾ ಹೆಂಗ ಕೊಡೂದು?”

ಅವಳನ್ನು ಹತ್ತಿಸಿಕೊಂಡೆ. ನಾಲ್ಕು ಮಾರು ಹೋಗುವಷ್ಟರಲ್ಲಿ, “ಇದಕ್ಕಿಂತ ನಡದ್ರ ಲಗೂ ಮುಟ್ತೇನಿ” ಎಂದು ಇಳಿದುಬಿಟ್ಟಳು. ಮಾಸ್ತರರ ಓಟವೂ ಆ ಹೊತ್ತಿಗೆ ನಡಿಗೆಗಿಂತ ಕಡೆಯಾಗಿತ್ತು. ಮುದುಕಿ ಸರಸರನೆ ಹೋಗಿ ಅವರನ್ನು ತಡೆದು, ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ಬೆಳಗಿನಿಂದ ನನ್ನ ಹೊಟ್ಟೆಯೂ ಖಾಲಿ. ಜೀಪು ನಿಲ್ಲಿಸಿ ನಾನೂ ಕೈ ಚಾಚಿದೆ.

“ನೀ ಕುಂತ ಬಂದೀಯಲ್ಲೋ, ನಿನಗ್ಯಾತರ ಹಸಿವಿ?” ಎಂದು ಬುತ್ತಿ ಕಟ್ಟಿಕೊಂಡು ಹೋದಳು.

ಈಗ ಸಿಂದಗಿಯ ಶಾಲೆಯೊಂದರಲ್ಲಿ ಇಳಿದುಕೊಂಡಿದ್ದೇವೆ. ಊರವರು ಸರದಿಯ ಮೇಲೆ ಮಾಸ್ತರರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ನಾನೂ ಸೊಂಟ ಹಿಡಿದುಕೊಂಡು, ತುಸು ಹೆಚ್ಚೇ ಕುಂಟುತ್ತ, ಅವರೆದುರು ಎರಡು ಸಲ ಸುಳಿದಾಡಿದೆ.

“ಅಯ್ಯ, ನಿಂತೇ ಇದೀರಲ್ರಿ, ಕುಂದರ್ರಿ” ಎಂದು ಕುರ್ಚಿ ಕೊಟ್ಟರು.