ಬಾಗಿಲ ಪಕ್ಕದ ಕುರ್ಚಿ

ನನ್ನ ಗಂಡ ಓಸ್ಬರ್ಟ್ ಗಿಟೆನ್ಸ್ ಅನುಮಾನದ ಪ್ರಾಣಿ. ಮೀನು ಮಾರುವವಳು ಒಂದು ಮೀನು ಹೆಚ್ಚಿಗೆ ಹಾಕಿದರೆ ನಿನ್ನೆಯದಿರಬೇಕು ಎನ್ನುತ್ತಾನೆ. ಪಾದ್ರಿ ಮನೆಗೆ ಬಂದು ಆರೋಗ್ಯ ವಿಚಾರಿಸಿದರೆ ಚರ್ಚಿನ ಮಾಡು ಸೋರುತ್ತಿರಬೇಕು ಎನ್ನುತ್ತಾನೆ. ಮದುವೆಯ ದಿನ ನಾನು ಹೇಳಿದ ಹೊತ್ತಿಗೆ ಸರಿಯಾಗಿ ಬಂದೆನಲ್ಲ, ಅದರ ಮೇಲೂ ಅವನಿಗೆ ಅನುಮಾನವಿತ್ತಂತೆ. ಇಂಥವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನಗೆ ಸ್ವರ್ಗದಲ್ಲಿ ನೆರಳಿರುವ ಜಾಗವನ್ನೇ ಕೊಡಬೇಕು.

ಅವನು ನಂಬುವುದು ಬೀದಿ ಟೆನಿಸ್ ಒಂದನ್ನೇ. ಬಾರ್ಬಡೋಸಿನ ಉತ್ತರ ತುದಿಯ ನಮ್ಮ ಓಣಿಯಲ್ಲಿ ಬಿಸಿಲು ಇಳಿಯುತ್ತಲೇ ಗಂಡಸರೆಲ್ಲ ರಮ್ ಅಂಗಡಿಯ ಮುಂದೆ ಸೇರುತ್ತಾರೆ. ಟಾರು ರಸ್ತೆಯ ಮೇಲೆ ಬಿಳಿ ಗೆರೆ ಎಳೆದು, ನಡುವೆ ಬಲೆಯ ಬದಲು ಉದ್ದನೆಯ ಹಲಗೆಯೊಂದನ್ನು ನಿಲ್ಲಿಸಿ, ಮರದ ಬ್ಯಾಟು ಹಿಡಿದು ಆಡುತ್ತಾರೆ. ಚೆಂಡು ಟೆನಿಸ್ಸಿನದೇ, ಆದರೆ ಮೈಮೇಲಿನ ತುಪ್ಪಟವನ್ನೆಲ್ಲ ಬೋಳಿಸಿರಬೇಕು. ಓಸ್ಬರ್ಟ್ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ತಾನೇ ಬೋಳಿಸುತ್ತಾನೆ. ಇನ್ನೂ ಬೋಳಿಸದ ಚೆಂಡುಗಳು ಮಂಚದ ಕೆಳಗೆ, ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ.

ಒಂದು ಸಂಜೆ ನೋಡಿದರೆ ಆ ಡಬ್ಬಿ ಖಾಲಿ.

ಮೊದಲು ಪಕ್ಕದ ಮನೆಯವನ ಮೇಲೆ ಅನುಮಾನ, ಆಮೇಲೆ ಅವನ ಆಡಿನ ಮೇಲೆ, ಆಮೇಲೆ ನನ್ನ ಮೇಲೆ. "ಗುಡಿಸ್ತೀನಿ ಗುಡಿಸ್ತೀನಿ ಅಂತ ನೀನೇ ಎಲ್ಲೋ ಎಸೆದಿರ್ತೀಯ, ಮರ್ವಾ."

"ಎಸೆಯೋ ಹಾಗಿದ್ದಿದ್ರೆ ನಿನ್ನನ್ನೇ ಯಾವತ್ತೋ ಎಸೀತಿದ್ದೆ," ಎಂದೆ.

ಅವನ ಕಣ್ಣು ಆಗ ಮೊಮ್ಮಗಳ ಮೇಲೆ ಬಿತ್ತು. ಕೆಜಾಯಾಗೆ ಎಂಟು ವರ್ಷ. ಅವಳ ಅಮ್ಮ, ಅಂದರೆ ನಮ್ಮ ಮಗಳು, ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಮಗು ನಮ್ಮ ಹತ್ತಿರ. ಅವಳಿಗೆ ಸದ್ದು ಆಗಿಬರುವುದಿಲ್ಲ. ಪಾತ್ರೆಯ ಮುಚ್ಚಳ ಬಿದ್ದರೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುತ್ತಾಳೆ. ಹೋದ ವರ್ಷವೆಲ್ಲ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಅಳು, ರಂಪ. ಮಿಸ್ ಅಲೀನ್ ಎಂಬ ಹೊಸ ಟೀಚರ್ ಬಂದ ಮೇಲೆ ಹೊಟ್ಟೆನೋವು ತಾನಾಗಿ ನಿಂತುಹೋಯಿತು. ಬೇರೆಯವರಾಗಿದ್ದರೆ ದೇವರು ದೊಡ್ಡವನು ಎಂದು ಸುಮ್ಮನಿರುತ್ತಿದ್ದರು.

"ಈಗ ಶಾಲೆಗೆ ಕುಣ್ಕೊಂಡು ಹೋಗ್ತಾಳೆ ನೋಡು," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಆ ಟೀಚರಮ್ಮ ಏನೋ ಮಸಲತ್ತು ಮಾಡಿದಾಳೆ."

ರಾತ್ರಿ ಊಟಕ್ಕೆ ಕೂತಾಗ ವಿಚಾರಣೆ ಶುರುವಾಯಿತು. "ಏನಮ್ಮ, ಈಗ ಯಾರ ಪಕ್ಕ ಕೂರ್ತೀಯ?"

"ಬಾಗಿಲ ಪಕ್ಕ, ತಾತ. ಮಿಸ್ ಅಲ್ಲಿಗೆ ಹಾಕಿದಾರೆ."

ಓಸ್ಬರ್ಟ್ ಚಮಚ ಕೆಳಗಿಟ್ಟ.

"ಮತ್ತೆ ಬೆಲ್ ಹೊಡೆಯೋಕೆ ಮುಂಚೆ ನಾನೊಬ್ಬಳೇ ಹೊರಗೆ ಹೋಗ್ತೀನಿ," ಎಂದಳು ಕೆಜಾಯಾ. ತಾತನ ಮುಖ ನೋಡಿ ಮುಂದಿನ ಮಾತು ನುಂಗಿದಳು.

ಮಗು ಮಲಗಿದ ಮೇಲೆ ಅವನು ಹೊಸಿಲ ಮೇಲೆ ಕುಳಿತ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಅವನಿಗೆ ಉಗ್ಗು. ಮೇಷ್ಟರು ಅವನನ್ನು ಮೊದಲು ಬಾಗಿಲ ಪಕ್ಕ ಕೂರಿಸಿದ್ದರು, ಆಮೇಲೆ, ಮಾತು ಸರಿಯಾಗಿ ಬಂದಾಗ ಒಳಗೆ ಬಾ ಎಂದು, ಬಾಗಿಲಾಚೆಗೆ. ಹುಡುಗರು ಅವನಂತೆ ಉಗ್ಗಿ ತೋರಿಸಿ ನಗುತ್ತಿದ್ದರು. ಒಂದು ದಿನ ಅಲ್ಲಿಂದಲೇ ಎದ್ದು ಕಬ್ಬಿನ ಗದ್ದೆಗೆ ಹೋದವನು ಮತ್ತೆ ಶಾಲೆಯ ಮುಖ ನೋಡಲಿಲ್ಲ. ಈಗಲೂ ಹೊಸಬರ ಮುಂದೆ ಮಾತು ಸಿಕ್ಕಿಕೊಂಡರೆ ನಾನೇ ಅದನ್ನು ಹೇಳಿ ಮುಗಿಸುತ್ತೇನೆ.

"ಮೊದಲು ಬಾಗಿಲ ಪಕ್ಕ," ಎಂದ. "ಆಮೇಲೆ ಬಾಗಿಲಾಚೆ. ನಾಜೂಕಾಗಿ ಹೊರಗೆ ಹಾಕ್ತಿದಾಳೆ ಅವಳು. ನಾಳೆ ಹೋಗಿ ಮಗು ಹೆಸರು ತೆಗೆಸಿಬಿಡ್ತೀನಿ."

"ತೆಗೆಸಿ ಏನ್ ಮಾಡ್ತೀಯ? ಚೆಂಡು ಬೋಳಿಸೋಕೆ ಕೂರಿಸ್ತೀಯಾ?"

"ಚೆಂಡೇ ಇಲ್ಲವಲ್ಲ," ಎಂದ.

ನಗು ಬಂತು, ಹೆದರಿಕೆಯೂ ಆಯಿತು. ಹೇಳಿದರೆ ಮಾಡುವ ಮನುಷ್ಯ ಅವನು. ಓದು ಬಿಟ್ಟವನ ಮೊಮ್ಮಗಳೂ ಓದು ಬಿಡುವುದೇ?

ಬೆಳಿಗ್ಗೆ ಮಗುವನ್ನು ಶಾಲೆಗೆ ಕಳಿಸಿದ ಮೇಲೆ, ಹೆಣದ ಜೊತೆ ಹೋಗುವಾಗ ಹಾಕುವ ಕೋಟು ಹಾಕಿಕೊಂಡು ಅವನು ಹೊರಟ. ನಾನೂ ಹಿಂದೆಯೇ ಓಡಿದೆ. ತರಗತಿಯ ಬಾಗಿಲು ತೆರೆದಿತ್ತು. ಅವನು ಹೊಸಿಲಾಚೆಯೇ ನಿಂತು ಒಳಗೆ ಇಣುಕಿದ. ಮಕ್ಕಳನ್ನು ನೋಡಲಿಲ್ಲ, ಕುರ್ಚಿಗಳ ಕಾಲು ನೋಡಿದ. ಒಂದೊಂದು ಕಾಲಿಗೂ ಒಂದೊಂದು ಟೆನಿಸ್ ಚೆಂಡು. ಚೆಂಡನ್ನು ಸೀಳಿ ಬೂಟು ಹಾಕಿದ ಹಾಗೆ ಸಿಕ್ಕಿಸಿದ್ದರು.

"ಸಿಕ್ಕಿಬಿದ್ದಳು ಕಳ್ಳಿ," ಎಂದ, ಎಲ್ಲರಿಗೂ ಕೇಳುವಂತೆ. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ.

"ನಾನು ತಂದಿದ್ದು, ತಾತ," ಎಂದಳು ಕೆಜಾಯಾ, ಬಾಗಿಲ ಪಕ್ಕದ ಕುರ್ಚಿಯಿಂದ. "ಆಡದೇ ಇರೋ ಚೆಂಡಿದ್ರೆ ತನ್ನಿ ಅಂತ ಮಿಸ್ ಎಲ್ಲರಿಗೂ ಹೇಳಿದ್ರು. ಕೂದಲಿರೋ ಚೆಂಡಲ್ಲಿ ನೀನು ಆಡಲ್ವಲ್ಲ, ಅದಕ್ಕೇ ಅವು ಬೇಡವಾದವು ಅಂದ್ಕೊಂಡೆ."

ಮಿಸ್ ಅಲೀನ್ ಎದ್ದು ಬಂದರು. ತೆಳ್ಳನೆಯ ಹೆಂಗಸು, ಮೆಲುದನಿ. "ನನಗೆ ಗೊತ್ತಿರಲಿಲ್ಲ, ಮಿಸ್ಟರ್ ಗಿಟೆನ್ಸ್, ಕ್ಷಮಿಸಿ. ಕುರ್ಚಿ ಎಳೆದಾಗ ಬರೋ ಕಿರುಗುಟ್ಟೋ ಸದ್ದಿಗೆ ಇವಳಿಗೆ ಪಾಠ ಕೇಳೋಕೇ ಆಗ್ತಿರಲಿಲ್ಲ." ಮಕ್ಕಳ ಕಡೆ ತಿರುಗಿ, "ಎಲ್ಲರೂ ಎದ್ದು ನಿಲ್ಲಿ," ಎಂದರು.

ಇಡೀ ತರಗತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಿತು. ಬಟ್ಟೆ ಸರಿದಷ್ಟೇ ಸದ್ದು. ಕೆಜಾಯಾಳ ಕೈ ಕಿವಿಗೆ ಹೋಗಲಿಲ್ಲ.

"ಮೊದಲೇ ಹೇಳಿಕೊಟ್ಟಿರ್ತೀರ," ಎಂದ ನನ್ನ ಗಂಡ. ನಂಬಿದರೆ ಅವನ ಗಂಟೇನು ಹೋಗುತ್ತಿತ್ತೋ. ಮಗುವಿನ ಕಡೆ ಬಗ್ಗಿ ಕೇಳಿದ, "ಬಾಗಿಲ ಪಕ್ಕ ಯಾಕೆ ಕೂರಿಸಿದಾರೆ? ನಿಜ ಹೇಳು."

"ಸದ್ದು ಜಾಸ್ತಿಯಾದ್ರೆ ಹೋಗಿ ಬಾದಾಮಿ ಮರದ ಕೆಳಗೆ ನಿಂತ್ಕೋತೀನಿ. ಬೆಲ್ಲಿಗೂ ಅಷ್ಟೇ. ಸರಿಹೋದ ಮೇಲೆ ಬರ್ತೀನಿ."

"ಮತ್ತೆ ಒಳಗೆ ಬಿಡ್ತಾರಾ?"

ಎಂಥ ಪೆದ್ದು ಪ್ರಶ್ನೆ ಎನ್ನುವ ಹಾಗೆ ಅವಳು ಅವನನ್ನು ನೋಡಿದಳು. "ಬಾಗಿಲು ಹಾಕೋದೇ ಇಲ್ಲ, ತಾತ. ನನ್ನ ಕುರ್ಚೀಲಿ ಬೇರೆ ಯಾರೂ ಕೂರಲ್ಲ."

ಹೆಸರು ತೆಗೆಸುತ್ತೇನೆ ಎಂದು ಬಂದವನ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಬಾಯಿ ತೆರೆದ. "ನಾ... ನಾ..." ಎಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ತರಗತಿಯ ತುಂಬ ಮಕ್ಕಳು. ಈಗ ಯಾರಾದರೂ ಒಬ್ಬರು ಕಿಸಕ್ಕೆಂದರೂ ಈ ಮನುಷ್ಯ ಮಗುವನ್ನು ಎಳೆದುಕೊಂಡು ಹೋಗುತ್ತಾನೆ. ಅವನ ಮಾತು ಮುಗಿಸಲು ನಾನು ಬಾಯಿ ತೆರೆದೆ. ಕೆಜಾಯಾ ನನ್ನ ಲಂಗ ಜಗ್ಗಿದಳು.

"ಇರು ಅಜ್ಜಿ. ಇಲ್ಲಿ ನಾವು ಕಾಯ್ತೀವಿ," ಎಂದಳು.

ಅವರು ಕಾದರು. ಯಾರೂ ನಗಲಿಲ್ಲ, ಕೆಮ್ಮಲಿಲ್ಲ. ಮಿಸ್ ಅಲೀನ್ ಅವಸರವಿಲ್ಲದವರಂತೆ ಕೈಕಟ್ಟಿ ನಿಂತರು. ಓಸ್ಬರ್ಟನ ಹಣೆಯ ಮೇಲೆ ಬೆವರು ಮೂಡಿತು. ಅವನು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ, ನಗು ಎಲ್ಲಿ ಬಚ್ಚಿಟ್ಟುಕೊಂಡಿದ್ದಾರೋ ಎಂದು ಹುಡುಕುವವನ ಹಾಗೆ. ಕೊನೆಗೆ ಮಾತು ಬಂತು.

"ನಾನು ಒಳಗೆ ಬರ್ಲಾ, ಮಿಸ್?"

"ಬನ್ನಿ," ಎಂದರು ಅವರು.

ಕೆಜಾಯಾ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂರುವ ಮೊದಲು ಅದನ್ನು ಹಿಂದಕ್ಕೆ ಎಳೆದು ಕಿವಿಗೊಟ್ಟು ಕೇಳಿದ. ಅನುಮಾನ ಹೋಗದೆ ಇನ್ನೊಂದು ಸಲ ಎಳೆದು ನೋಡಿದ. ಆಮೇಲೆ ಕುಳಿತುಕೊಂಡ.