ಬೆನ್ನ ಹಿಂದಿನ ನಾಲ್ಕು ಬೆರಳು

ಡೆಲ್ಬರ್ಟ್ ಪೂಲ್ ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಶನಿವಾರ ರಾಂಡಲ್ ಗ್ರೀರ್‌ನ ಬೆನ್ನು ನೋಡುತ್ತಾನೆ. ಮೂವತ್ತು ವರ್ಷದಿಂದ ಇದೇ ಬದುಕು. ಅಮೆರಿಕದ ಟೆನೆಸಿಯ ಬೆಟ್ಟದೂರುಗಳಲ್ಲಿ ಕಂಟ್ರಿ ಹಾಡುಗಾರ ರಾಂಡಲ್‌ನ ಮುಖ ಕಂಡರಿಯದವರಿಲ್ಲ. ಅವನ ಬೆನ್ನನ್ನು ಬಲ್ಲವನು ಹಿಂದೆ ಕೂತು ಸ್ಟೀಲ್ ಗಿಟಾರ್ ನುಡಿಸುವ ಡೆಲ್ಬರ್ಟ್ ಮಾತ್ರ.

ಇಂಥ ಹಾಡು ಹಾಡುತ್ತೇನೆಂದು ರಾಂಡಲ್ ಮೊದಲೇ ಹೇಳುವ ಆಸಾಮಿಯಲ್ಲ. ಜನರ ಮುಖ ನೋಡಿ, ಟೋಪಿ ಹಿಂದಕ್ಕೆ ತಳ್ಳಿ ಏನೋ ಹರಟೆ ತೆಗೆಯುತ್ತಾನೆ. ಹರಟೆಯಿಂದಲೇ ವಾದ್ಯದವರು ಹಾಡನ್ನು ಊಹಿಸಬೇಕು. ಶ್ರುತಿಯನ್ನು ಎಡಗೈ ಬೆನ್ನ ಹಿಂದೆ ತಂದು ಬೆರಳಲ್ಲಿ ತೋರಿಸುತ್ತಾನೆ: ಎರಡೆಂದರೆ ಇಳಿದ ಶ್ರುತಿ, ನಾಲ್ಕೆಂದರೆ ಏರು ಶ್ರುತಿ. ಆ ಬೆರಳಿಗೆ ಎದುರಾಡಿದವರಾರೂ ಮತ್ತೆ ಅವನ ತಂಡದ ಬಸ್ಸು ಹತ್ತಿದ್ದಿಲ್ಲ.

ಹೋದ ವಾರ ಎಡವಟ್ಟಾಗಿತ್ತು. ಹೆಂಡತಿ ಅರ್ಲೀನ್ ತೀರಿಕೊಂಡ ಮೇಲೆ ಮೊದಲ ಸಲ ರಾಂಡಲ್, ಅವರಿಬ್ಬರೂ ಜೊತೆಯಾಗಿ ಹಾಡುತ್ತಿದ್ದ ಹಳ್ಳದ ಹಾಡನ್ನು ಎತ್ತಿಕೊಂಡ. ತುಂಬಿದ ಹಳ್ಳದ ಆಚೆಗೊಬ್ಬಳು, ಈಚೆಗೊಬ್ಬ. ಹತ್ತು ವರ್ಷದಿಂದ ಎರಡು ಬೆರಳಿನ ಹಾಡದು, ಅಂದು ನಾಲ್ಕು ತೋರಿಸಿದ. ಎಪ್ಪತ್ತೆಂಟರ ಗಂಟಲು ಮೇಲೇರಿ ಒಡೆಯಿತು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ಡೆಲ್ಬರ್ಟ್‌ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಇವತ್ತು ಬೀನ್ಸ್, ಮೆಕ್ಕೆಜೋಳದ ರೊಟ್ಟಿ ಮುಗಿಸಿ ಕೈ ತೊಳೆಯುವಾಗ ರಾಂಡಲ್‌ನ ಮಗಳು ಕಾರ್ಲಾ ಬಂದು ಗೋಗರೆದಳು. ಅಪ್ಪನಿಗೆ ಮರೆವು ಹತ್ತಿದೆ, ಹೇಳಿದರೆ ಕೇಳುವವನಲ್ಲ. ಹೇಗೂ ಆ ಹಾಡನ್ನು ಶುರು ಮಾಡುವುದು ಸ್ಟೀಲ್ ಗಿಟಾರೇ. "ನೀವೇ ಶ್ರುತಿ ಇಳಿಸಿ ಶುರು ಮಾಡ್ಬಿಡಿ ಅಂಕಲ್. ಜನ ಅವನನ್ನ ನೋಡಿ ನಗೋದು ನನ್ ಕೈಲಿ ನೋಡಕ್ಕಾಗಲ್ಲ."

ಹಳೆಯ ಥಿಯೇಟರಿನ ಬೆಂಚುಗಳು ಭರ್ತಿಯಾಗಿದ್ದವು. ರಾಂಡಲ್ ಚೆನ್ನಾಗಿಯೇ ಹಾಡುತ್ತಿದ್ದ, ನಗಿಸುತ್ತಿದ್ದ. ಡೆಲ್ಬರ್ಟ್ ಮಾತ್ರ ಪ್ರತಿ ಹರಟೆಗೂ ಕಿವಿ ನಿಮಿರಿಸಿ ಕಾಯುತ್ತಿದ್ದ. ಕಡೆಗೂ ರಾಂಡಲ್ ಮಳೆಯ ಮಾತೆತ್ತಿದ, ಹಳ್ಳದ ಹಾಡೇ. ಕೈ ಬೆನ್ನ ಹಿಂದೆ ಬಂತು. ನಾಲ್ಕು ಬೆರಳು.

ತಂತಿಗಳ ಮೇಲೆ ಸರಿಸಿ ಶ್ರುತಿ ಹಿಡಿಯುವ ಉಕ್ಕಿನ ಕಡ್ಡಿ ಬೆವರಿಗೆ ಜಾರುತ್ತಿತ್ತು. ಯಜಮಾನನ ಮಾನವೋ, ಯಜಮಾನನ ಮಾತೋ? ಡೆಲ್ಬರ್ಟ್ ಎರಡರ ಶ್ರುತಿಯಲ್ಲಿ ಶುರು ಮಾಡಿದ. ಉಳಿದ ವಾದ್ಯದವರು ಮಿಕಿಮಿಕಿ ನೋಡಿ ಹಿಂಬಾಲಿಸಿದರು.

ರಾಂಡಲ್ ಒಂದು ಸಾಲು ಹಾಡಿದ, ಸುಲಭವಾಗಿ ಹಾಡಿದ. ಆಮೇಲೆ ಕೈಯೆತ್ತಿ ನಿಲ್ಲಿಸಿದ. ಅವನು ಹಾಡನ್ನು ನಡುವೆ ನಿಲ್ಲಿಸಿದ್ದನ್ನು ಡೆಲ್ಬರ್ಟ್ ಕಂಡೇ ಇರಲಿಲ್ಲ. ಕೆಲಸ ಹೋಯಿತು ಅಂದುಕೊಂಡ. ಅದಕ್ಕಿಂತ ಹೆಚ್ಚಾಗಿ, ಆ ಮುಖ ಈಗ ತನ್ನ ಕಡೆ ತಿರುಗುತ್ತದಲ್ಲ ಎಂದು ಹೆದರಿದ.

ತಿರುಗಿತು. ಸಿಟ್ಟಿರಲಿಲ್ಲ.

"ನನ್ನನ್ನ ಕಾಪಾಡ್ತಿದೀಯೇನೋ ಡೆಲ್ಬರ್ಟ್?"

"ಹೂಂ, ಯಜಮಾನ್ರೇ."

"ನಂಗೇನೂ ಮರೆತಿಲ್ಲ ಕಣಪ್ಪಾ. ನನ್ ಗಂಟಲು ಬಿದ್ದೋಯ್ತು ಅಂತ ಹತ್ತು ವರ್ಷ ಅರ್ಲೀನ್ ಕೆಳಗಿಳಿದು ಹಾಡಿದ್ಲು. ಅವಳ ಜಾಗ ಮೇಲಿತ್ತು. ಈಗ ನಾನೇ ಅಲ್ಲಿಗೆ ಹತ್ತಿ ಹೋಗ್ತೀನಿ."

ಡೆಲ್ಬರ್ಟ್‌ಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಣ್ಣೊರೆಸಿಕೊಂಡು, ಕಡ್ಡಿಯನ್ನು ಮೇಲೆ ಸರಿಸಿ ಮತ್ತೆ ಶುರು ಮಾಡಿದ.

ರಾಂಡಲ್ ಹಾಡಿದ. ಗಂಟಲು ಕಿತ್ತುಬರುತ್ತಿತ್ತು, ಆದರೂ ಹತ್ತಿದ. ಹಳ್ಳದಾಚೆಯಿಂದ ಹೆಂಗಸು ಕೂಗುವ ಸಾಲು ಬಂದಾಗ ದನಿ ಒಡೆಯಿತು, ನಿಂತೇಹೋಯಿತು. ಈ ಸಲ ಯಾರೂ ನಗಲಿಲ್ಲ. ಅವನ ಎಡಗೈ ಮೆಲ್ಲಗೆ ಬೆನ್ನ ಹಿಂದೆ ಬಂತು. ಅದರಲ್ಲಿ ಬೆರಳ ಲೆಕ್ಕವೇನೂ ಇರಲಿಲ್ಲ. ತನ್ನ ಸಾಲು ಹಾಡಲು ಅರ್ಲೀನ್ ಹಿಂದಿನಿಂದ ಬಂದು ಆ ಕೈ ಹಿಡಿಯುತ್ತಿದ್ದಳಲ್ಲ, ಅದಕ್ಕೆಂಬಂತೆ ಅಂಗೈ ತೆರೆದಿತ್ತು.

ಡೆಲ್ಬರ್ಟ್ ಅವಳ ಸಾಲನ್ನು ನುಡಿಸಿದ.